ಮಾಲವ್ವನ ಇಪ್ಪತ್ತು ನಿಮಿಷ

ಜಪಮಾಲಳನ್ನು ಕನ್ಯಾಮಠದಿಂದ ಮನೆಗೆ ಕಳಿಸಿದ್ದು ಅವಳು ನಕ್ಕಳೆಂಬ ಕಾರಣಕ್ಕೆ. ಕೇಳಿದವರು ಯಾರೂ ನಂಬಲಿಲ್ಲ. ಮದುವೆಯ ಮನಸ್ಸಾಗಿರಬೇಕು, ಒಳಗೊಳಗೇ ಏನೋ ಕಾಯಿಲೆ ಇರಬೇಕು, ದೊಡ್ಡ ಸಿಸ್ಟರ್ ಜೊತೆ ಜಗಳವಾಗಿರಬೇಕು ಎಂದು ಕಾಚಿಗೂಡದ ರೈಲ್ವೆ ಕ್ವಾರ್ಟರ್ಸಿನ ಹೆಂಗಸರು ನಲ್ಲಿಯ ಹತ್ತಿರ ಒಂದು ತಿಂಗಳು ಮಾತಾಡಿಕೊಂಡರು. ಅವಳ ತಂದೆ ಚಿನ್ನಪ್ಪನಿಗೂ ನಂಬಿಕೆ ಬರಲಿಲ್ಲ. ಆದರೆ ಮಗಳ ಮುಖದಲ್ಲಿ ಅವಮಾನದ ಗುರುತೇ ಇರಲಿಲ್ಲ. ಟ್ರಂಕು ಇಳಿಸಿ, ಕೈಕಾಲು ತೊಳೆದು, ಅವ್ವನ ಕೈಯಿಂದ ಹಿಟ್ಟಿನ ಪರಾತ ಇಸಿದುಕೊಂಡು ರೊಟ್ಟಿ ತಟ್ಟಲು ಕೂತಳು.

"ಅಷ್ಟಕ್ಕ ಕಳಿಸಿದ್ರೇನವಾ?" ಎಂದು ಚಿನ್ನಪ್ಪ ಕೇಳಿದ.

"ಹೌದಪಾ. ಭಾಳ ನಕ್ಕೆ ನಾ."

ಅದು ಸಾವಿರದ ಒಂಬೈನೂರ ಎಪ್ಪತ್ತೆರಡನೆಯ ಇಸವಿ. ಅವಳಿಗೆ ಇಪ್ಪತ್ತೆರಡು ವರ್ಷ.

ಚಿನ್ನಪ್ಪ ರಾಯಚೂರು ಸೀಮೆಯ ಮುದಗಲ್ಲಿನವನು. ಅಲ್ಲಿ ತಲೆತಲಾಂತರದಿಂದ ಕನ್ನಡ ಮಾತಾಡುವ ಕಥೋಲಿಕ ಮನೆಗಳಿವೆ. ಕಾಚಿಗೂಡದ ಇಂಜಿನ್ ಶೆಡ್ಡಿನಲ್ಲಿ ಮಸಿ ಒರೆಸುವ ಕೆಲಸ ಸಿಕ್ಕಿ ಅವನು ಹೆಂಡತಿ, ಮಗಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಬಂದಿದ್ದ. ಮಗಳು ತೆಲುಗು ಶಾಲೆಗೆ ಹೋದಳು, ಬೀದಿಯಲ್ಲಿ ಉರ್ದು ಕಲಿತಳು, ಮನೆಯಲ್ಲಿ ಮುದಗಲ್ಲಿನ ಕನ್ನಡವನ್ನೇ ಆಡಿದಳು. ಹದಿಮೂರನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಬಿಸಿಲಿಗೆ ತಾಳಲಾರದೆ ಖಾಲಿ ಚರ್ಚಿನೊಳಗೆ ಹೋಗಿ ಕೂತಾಗ ಅವಳಿಗೊಂದು ವಿಚಿತ್ರ ಆಯಿತು. ಬಾಯಲ್ಲಿ ಜಪ ಇರಲಿಲ್ಲ, ಮನಸ್ಸಿನಲ್ಲಿ ಬೇಡಿಕೆ ಇರಲಿಲ್ಲ. ಪಕ್ಕದಲ್ಲಿ ಯಾರೋ ಬಂದು ಕೂತ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಆದರೂ ಯಾರೋ ಇದ್ದಾರೆ. ಹೆದರಿಕೆಯಾಗಲಿಲ್ಲ. ಊರಿಂದ ಅಜ್ಜ ಬಂದು ಮಾತಿಲ್ಲದೆ ಕಟ್ಟೆಯ ಮೇಲೆ ಕೂತರೆ ಮನೆ ಹೇಗೆ ತುಂಬುತ್ತದೋ ಹಾಗೆ ಎಂದು ಮುಂದೆ ಹೇಳುತ್ತಿದ್ದಳು. ಅಂದಿನಿಂದ ಶಾಲೆ ಬಿಟ್ಟ ಮೇಲೆ ಅಲ್ಲಿ ಹೋಗಿ ಕೂಡುವುದು ಅವಳ ರೂಢಿಯಾಯಿತು.

ಇಪ್ಪತ್ತೊಂದಕ್ಕೆ ಅವಳು ಏಕಾಂತದ ಕನ್ಯಾಮಠ ಸೇರಿದಳು. ಅಲ್ಲಿಯ ಸಿಸ್ಟರುಗಳು ಶಾಲೆ, ಆಸ್ಪತ್ರೆ ಎಂದು ಹೊರಗೆ ಬರುವವರಲ್ಲ. ಎತ್ತರದ ಗೋಡೆಯೊಳಗೆ ಮೌನ, ಪ್ರಾರ್ಥನೆ, ತೋಟದ ಕೆಲಸ ಇಷ್ಟರಲ್ಲೇ ಆಯುಷ್ಯ ಕಳೆಯುವವರು. ನಂಟರು ನೋಡಲು ಬಂದರೆ ಮರದ ಜಾಲರಿಯ ಆಚೆ ಕೂತು ಮಾತಾಡುತ್ತಾರೆ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಎಲ್ಲರೂ ಸೇರಿ ಮಾತಿಲ್ಲದ ಪ್ರಾರ್ಥನೆಗೆ ಕೂಡುತ್ತಾರೆ. ಜಪಮಾಲಳಿಗೆ ಸ್ವರ್ಗವೇ ಸಿಕ್ಕಂತಾಯಿತು. ಮೂರನೆಯ ತಿಂಗಳಲ್ಲಿ ನಗು ಶುರುವಾಯಿತು.

ಚೇಷ್ಟೆಯ ನಗುವಲ್ಲ ಅದು. ಮೌನ ಆಳಕ್ಕಿಳಿದಾಗ ಒಳಗಿನಿಂದ ಸಂತೋಷ ಹಾಲುಕ್ಕಿದಂತೆ ಉಕ್ಕಿ ಬಂದು ಗಂಟಲಲ್ಲಿ ನಿಲ್ಲುತ್ತಿತ್ತು. ತುಟಿ ಕಚ್ಚಿದಳು. ಸೆರಗು ಬಾಯಿಗೆ ತುರುಕಿದಳು. ಕೈ ಚಿವುಟಿಕೊಂಡಳು. ಒಂದು ಸಂಜೆ ಏನು ಮಾಡಿದರೂ ತಡೆಯಲಾಗಲಿಲ್ಲ.

ಮರುದಿನ ಮಠದ ಮುಖ್ಯಸ್ಥೆ ಮದರ್ ಸೆಲಿನ್ ಅವಳನ್ನು ಕರೆಸಿದರು. ಮಂಗಳೂರಿನವರು, ತೆಳ್ಳಗೆ, ಸೌಮ್ಯವಾದ ಮಾತು. "ನಿನ್ನ ಪ್ರಾರ್ಥನೆ ಸುಳ್ಳು ಅಂತ ನಾನು ಹೇಳುವುದಿಲ್ಲ ಮಗಳೇ. ಆದರೆ ಇಲ್ಲಿ ಹದಿನೆಂಟು ಜನ ಇದ್ದೇವೆ. ನಿನ್ನೆ ಹದಿನೆಂಟು ಜನವೂ ನಕ್ಕೆವು. ನಾನೂ ನಕ್ಕೆ. ಎಂಬತ್ತು ವರ್ಷದ ಸಿಸ್ಟರಿಗೆ ಕೆಮ್ಮು ಹತ್ತಿ ಡಾಕ್ಟರನ್ನು ಕರೆಸಬೇಕಾಯಿತು."

ಜಪಮಾಲ ತಲೆ ತಗ್ಗಿಸಿದಳು.

"ಮನೆಗೆ ಹೋಗು. ಒಂದು ವರ್ಷ ನೋಡುವ. ನಗು ತನ್ನಷ್ಟಕ್ಕೆ ತಣ್ಣಗಾದರೆ ಬಾ. ದೇವರು ಕಾಚಿಗೂಡದಲ್ಲಿಯೂ ಇದ್ದಾನೆ."

ವರ್ಷ ಕಳೆಯುವಷ್ಟರಲ್ಲಿ ಅವ್ವ ಹಾಸಿಗೆ ಹಿಡಿದಳು. ಮರುವರ್ಷ ತೀರಿಕೊಂಡಳು. ಚಿನ್ನಪ್ಪನಿಗೆ ಕಣ್ಣು ಮಂಜಾಗಿ ಶೆಡ್ಡಿನ ಕೆಲಸ ಬಿಡಬೇಕಾಯಿತು. ದುಡಿಯುವವರು ಮತ್ತೊಬ್ಬರಿರಲಿಲ್ಲ. ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯ ಕ್ಯಾಂಟೀನಿಗೆ ಅಡುಗೆಯ ಹೆಂಗಸರು ಬೇಕೆಂದು ತಿಳಿದು ಅವಳು ಅರ್ಜಿ ಹಾಕಿದಳು. ಕ್ಯಾಂಟೀನಿನ ಮೇಲ್ವಿಚಾರಕ ಪ್ರಹ್ಲಾದರಾಯರು ಕಲಬುರ್ಗಿಯ ಕಡೆಯವರು. ಕನ್ನಡ ಕೇಳಿದ ಕೂಡಲೆ ಅವರಿಗೆ ಅರ್ಧ ಒಪ್ಪಿಗೆಯಾಗಿತ್ತು.

"ಮುನ್ನೂರು ಮಂದೀಗೆ ಅನ್ನ ಮಾಡ್ಲಿಕ್ಕೆ ಬರ್ತದೇನು?"

"ಮೂರು ಮಂದಿಗೆ ಬರ್ತೈತ್ರಿ. ಉಳಿದದ್ದು ಕಲೀತೀನಿ."

ಹೀಗೆ ಅವಳು ಬಾಲಾನಗರಕ್ಕೆ ಬಂದಳು. ಅಪ್ಪನೊಂದಿಗೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು. ಕ್ಯಾಂಟೀನಿನಲ್ಲಿ ಜಪಮಾಲ ಎಂಬ ಹೆಸರು ಉದ್ದವಾಯಿತೆಂದು ಎಲ್ಲರೂ ಅವಳನ್ನು ಮಾಲವ್ವ ಎಂದೇ ಕರೆದರು.

ಅಲ್ಲಿಗೆ ಬಂದ ವರ್ಷವೇ ಅವಳ ಪ್ರಾರ್ಥನೆ ಒಣಗಿತು.

ಮೊದಲು ಅವಳು ಅದನ್ನು ಆಯಾಸವೆಂದುಕೊಂಡಳು. ಬೆಳಗಿನ ನಾಲ್ಕೂವರೆಗೆ ಎದ್ದು ದೇವರ ಪಟದ ಮುಂದೆ ಕೂತರೆ ಏನೂ ಇಲ್ಲ. ಪಕ್ಕದಲ್ಲಿ ಬಂದು ಕೂಡುತ್ತಿದ್ದವರು ಎದ್ದು ಹೋದ ಹಾಗೆ. ನಗುವಂತೂ ಯಾವಾಗಲೋ ಹೋಗಿತ್ತು. ಪಾಪನಿವೇದನೆಗೆ ಹೋದಾಗ ಚರ್ಚಿನ ವಯಸ್ಸಾದ ಗುರುಗಳಿಗೆ ಹೇಳಿದಳು. ಅವರು ಜಪಸರ ಇನ್ನೆರಡು ಸುತ್ತು ಹೆಚ್ಚು ಮಾಡು ಎಂದರು. ಮಾಡಿದಳು. ಬಾಯಿ ಒಣಗಿತೇ ಹೊರತು ಒಳಗೆ ಹನಿ ನೀರು ಬರಲಿಲ್ಲ. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಹುಡುಕಿದಳು. ಹುಡುಕಿದರೆ ಪಾಪಕ್ಕೇನು ಬರ, ಸಣ್ಣಪುಟ್ಟವು ಬೇಕಾದಷ್ಟು ಸಿಕ್ಕವು. ಒಂದೊಂದನ್ನೂ ಹೇಳಿ ಕ್ಷಮೆ ಕೇಳಿದರೂ ಫಲ ಕಾಣಲಿಲ್ಲ.

ಕುರುಡಾಗುತ್ತಿದ್ದ ಅಪ್ಪ ಒಂದು ದಿನ ಕೇಳಿದ. "ದಿನಾ ಅಷ್ಟೊತ್ತಿಗೆ ಎದ್ದು ಕೂಡ್ತೀಯಲ್ಲವಾ, ಏನರ ಸಿಗ್ತೈತೇನು?"

"ಏನೂ ಇಲ್ಲಪಾ."

"ಮತ್ಯಾಕ ಕೂಡ್ತಿ?"

"ಅಂವ ಬರೂದಿಲ್ಲಂತ ನಾ ಎದ್ದು ಹೋದ್ರ, ಬಂದಾಗ ಮನ್ಯಾಗ ಯಾರೂ ಇಲ್ಲಂದಂಗ ಆಗ್ತೈತಿ."

ಹಾಗೆ ಐದು ವರ್ಷ ಕಳೆಯಿತು. ಐದು ವರ್ಷ ಎಂದು ಬರೆಯುವುದು ಸುಲಭ. ಅದರಲ್ಲಿ ಎಷ್ಟೋ ಬೆಳಗು ಅವಳು ಗಡಿಯಾರ ನೋಡುತ್ತ ಕೂತಿದ್ದಳು, ಎಷ್ಟೋ ಬೆಳಗು ತೂಕಡಿಸಿದ್ದಳು, ಕೆಲವು ಬೆಳಗು ಸಿಟ್ಟಿನಿಂದ ಪಟವನ್ನು ಗೋಡೆಗೆ ತಿರುಗಿಸಿಟ್ಟು ಅದರ ಬೆನ್ನಿನ ಮುಂದೆಯೇ ಕೂತಿದ್ದಳು. ಕೂಡುವುದನ್ನು ಮಾತ್ರ ಬಿಡಲಿಲ್ಲ. ಕ್ಯಾಂಟೀನಿನಲ್ಲಿಯೂ ಒಂದು ಬಿಡುವು ಕಂಡುಕೊಂಡಳು. ಹನ್ನೊಂದು ಇಪ್ಪತ್ತಕ್ಕೆ ಅನ್ನದ ಕೊಪ್ಪರಿಗೆಗಳನ್ನು ದಮ್ಮಿಗೆ ಬಿಟ್ಟು ಮುಚ್ಚಳದ ಮೇಲೆ ಭಾರ ಇಟ್ಟರೆ ಹನ್ನೊಂದು ನಲವತ್ತರವರೆಗೆ ಅಡುಗೆಯವರಿಗೆ ಕೆಲಸವಿಲ್ಲ. ಉಳಿದವರು ಬೀಡಿಗೆ, ಹರಟೆಗೆ ಹೋಗುತ್ತಿದ್ದರು. ಅವಳು ದಾಸ್ತಾನು ಕೋಣೆಯಲ್ಲಿ ಉಳ್ಳಾಗಡ್ಡಿ ಚೀಲಗಳ ಪಕ್ಕ ಒಂದು ಡಬ್ಬ ಬೋರಲು ಹಾಕಿಕೊಂಡು ಕೂಡುತ್ತಿದ್ದಳು. ಗೋಡೆಯಾಚೆ ಪ್ರೆಸ್ ಶಾಪು. ತಗಡು ಬಡಿಯುವ ಯಂತ್ರಗಳು ಧಡ್ ಧಡ್ ಎಂದು ನೆಲವನ್ನೇ ನಡುಗಿಸುತ್ತಿದ್ದವು. ಮಠದ ಮೌನಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ.

ಎಪ್ಪತ್ತೊಂಬತ್ತರ ಶ್ರಾವಣದ ಒಂದು ಮಂಗಳವಾರ. ಎಂದಿನಂತೆ ಕೂತಳು. ಎಂದಿನಂತೆ ಏನೂ ಆಗಲಿಲ್ಲ. ಹನ್ನೊಂದು ನಲವತ್ತಕ್ಕೆ ಎದ್ದು, ಕೈ ತೊಳೆದು, ಸೌಟು ಹಿಡಿದು ಸಾಲಿನ ಮುಂದೆ ನಿಂತಳು. ಮೊದಲನೆಯವನು ತಟ್ಟೆ ಚಾಚಿದ. ಮೈಯೆಲ್ಲ ಗ್ರೀಸು, ಎರಡು ದಿನದ ಗಡ್ಡ. ಅವನ ಮುಖ ನೋಡಿದ ಕೂಡಲೆ ಮಾಲವ್ವನ ಎದೆಯೊಳಗೆ ಏನೋ ತೆರೆದುಕೊಂಡಿತು. ಎಂಥ ಚೆಂದದ ಮುಖ ಇದು, ಇಷ್ಟು ದಿನ ನೋಡಲೇ ಇಲ್ಲವಲ್ಲ ಅನ್ನಿಸಿತು. ಒಂದು ಸೌಟು ಹೆಚ್ಚಿಗೆ ಹಾಕಿದಳು. ಎರಡನೆಯವನೂ ಹಾಗೆಯೇ ಕಂಡ. ಮೂರನೆಯವನು ಕ್ಯಾಂಟೀನಿನ ಅನ್ನವನ್ನು ದಿನಾ ಬೈಯುವವನು, ಅವನೂ ಹಾಗೆಯೇ ಕಂಡ. ಸಾಲಿನುದ್ದಕ್ಕೂ ಒಬ್ಬರಿಗಿಂತ ಒಬ್ಬರು ಬೇಕಾದವರಾಗಿ ಕಾಣತೊಡಗಿದರು. ಅವಳ ಕೈ ತಡೆಯಲಿಲ್ಲ. ಐದು ವರ್ಷ ತಾನು ಬಾಗಿಲಲ್ಲಿ ಯಾರ ದಾರಿ ಕಾಯುತ್ತಿದ್ದಳೋ ಅವನು ಹಿತ್ತಲಿನಿಂದ ಯಾವಾಗಲೋ ಒಳಗೆ ಬಂದು ಮನೆಯ ತುಂಬ ಓಡಾಡಿಕೊಂಡಿದ್ದಾನೆ ಎಂದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು.

ಮುನ್ನೂರು ಜನರ ಅನ್ನ ಇನ್ನೂರ ಮೂವತ್ತಕ್ಕೇ ಮುಗಿಯಿತು. ಎಪ್ಪತ್ತು ಜನ ಖಾಲಿ ತಟ್ಟೆ ಬಡಿಯುತ್ತ ನಿಂತರು. ಪ್ರಹ್ಲಾದರಾಯರು ಓಡಿ ಬಂದರು.

"ಏನಾತು ಮಾಲವ್ವಾ? ಅಳತಿ ತಪ್ಪೀತೇನು?"

"ಅಳತಿ ಸರಿ ಇತ್ರಿ ಸಾಹೇಬ್ರ. ಕೈ ಮಾತು ಕೇಳಲಿಲ್ಲ."

ಹೀಗೆಂದವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಮುಖ ಮಾತ್ರ ಹಬ್ಬದ ದಿನದಂತಿತ್ತು. ರಾಯರಿಗೆ ಬೈಯಬೇಕೋ ಬಿಡಬೇಕೋ ತಿಳಿಯಲಿಲ್ಲ. ಅವಳು ಆಗಲೇ ಸೆರಗು ಸಿಕ್ಕಿಸಿ ರವೆ ಹುರಿಯಲು ನಿಂತಿದ್ದಳು. ಅರ್ಧ ತಾಸಿನಲ್ಲಿ ಎಪ್ಪತ್ತು ಜನರಿಗೂ ಬಿಸಿ ಉಪ್ಪಿಟ್ಟು ಬಂತು. ಅನ್ನ ತಿಂದವರು ನಮಗೂ ಸ್ವಲ್ಪ ಎಂದು ಮತ್ತೆ ಸಾಲು ಹಚ್ಚಿದರು.

ಮುಂದಿನ ವರ್ಷ ಬಂಡೆಪ್ಪ ಬಂದ. ಬೀದರದ ಕಡೆಯ ಫಿಟ್ಟರು. ಕ್ಯಾಂಟೀನಿನ ಒಲೆ, ನಲ್ಲಿ, ಮೋರಿ ಎಲ್ಲ ಅವನ ಪಾಲಿನ ಕೆಲಸ. ಕೈ ಬಂಗಾರ, ಸಿಟ್ಟು ಬೆಂಕಿ. ಒಮ್ಮೆ ಸಿಟ್ಟಿನಲ್ಲಿ ಎಸೆದ, ನಟ್ಟು ತಿರುಗಿಸುವ ಪಾನಾ ಒಬ್ಬನ ಕಿವಿಯ ಪಕ್ಕದಲ್ಲೇ ಹಾದು ಹೋಗಿತ್ತು. ಮನೆಯಲ್ಲಿ ಹೆಂಡತಿ ಅವನೊಂದಿಗೆ ಮಾತು ಬಿಟ್ಟು ಆರು ತಿಂಗಳಾಗಿತ್ತು. ಅವನು ಒಂದು ದಿನ ಬರ್ನರ್ ಹುಡುಕುತ್ತ ದಾಸ್ತಾನು ಕೋಣೆಗೆ ಬಂದವನು ಮಾಲವ್ವ ಕಣ್ಣು ತೆರೆದುಕೊಂಡೇ ಅಲುಗಾಡದೆ ಕೂತದ್ದನ್ನು ಕಂಡು ಗಾಬರಿಯಾದ. ಮೂರ್ಛೆರೋಗ ಎಂದುಕೊಂಡು ಪಕ್ಕದ ಬೋಗುಣಿಯ ನೀರೆತ್ತಿ ಮುಖಕ್ಕೆ ಚೆಲ್ಲಿದ.

ಮಾಲವ್ವ ಮುಖ ಒರೆಸಿಕೊಂಡಳು. "ಯಾಕಪಾ ಬಂಡೆಪ್ಪ, ಉಳ್ಳಾಗಡ್ಡಿ ತೊಳದ ನೀರೇ ಸಿಕ್ತೇನು ನಿನಗ?"

"ನಿಮಗ ಏನೋ ಆಗೇದಂತ ಅಂದ್ಕೊಂಡೆ ಅಕ್ಕಾರ. ಏನ್ ಮಾಡಾಕತ್ತಿದ್ರಿ?"

"ಕುಂತಿದ್ದೆ."

"ಸುಮ್ಮ?"

"ಸುಮ್ಮ. ನೀನೂ ಕೂಡು ಬೇಕಾದ್ರ. ಇನ್ನ ಎಂಟು ನಿಮಿಷ ಐತಿ."

ಅವನು ಯಾಕೆ ಕೂತನೋ ಅವನಿಗೇ ತಿಳಿಯದು. ತಪ್ಪು ಮಾಡಿದೆನೆಂದು ಕೂತಿರಬಹುದು. ಮರುದಿನ ಮತ್ತೆ ಬಂದ. ಮೊದಲ ವಾರ ಕಾಲು ಕುಣಿಸಿದ, ಉಗುರು ಕಡಿದ, ನಡುನಡುವೆ ಎಷ್ಟಾಯಿತು ಎಂದು ಕೇಳಿದ. ಎರಡನೆಯ ವಾರ, "ಅಕ್ಕಾರ, ಕುಂತ್ರ ಒಳಗ ಬರೇ ಜಗಳಾನ ನಡೀತದ್ರಿ. ಹೆಂಡ್ತಿ ಕೂಡ, ಸಾಹೇಬ್ರ ಕೂಡ, ಸತ್ತ ಅಪ್ಪನ ಕೂಡ ಸೈತ," ಎಂದ.

"ನಡೀಲಿ. ನೀ ನಡುವ ಬಾಯಿ ಹಾಕಬ್ಯಾಡ."

"ಎಷ್ಟ್ ದಿನಾ?"

"ಅದು ನನಗ ಗೊತ್ತಿಲ್ಲ. ಅನ್ನದ ಮುಚ್ಚಳ ತಗದು ತಗದು ನೋಡಿದ್ರ ಅನ್ನ ಬೇಯಂಗಿಲ್ಲ, ಅಷ್ಟು ಗೊತ್ತೈತಿ."

ಮೂರು ತಿಂಗಳ ಮೇಲೆ ಒಂದು ದಿನ ಬಂಡೆಪ್ಪ ಡಬ್ಬಿ ಬಿಚ್ಚಿ ಮಾಲವ್ವನ ಮುಂದಿಟ್ಟ. ಹೆಂಡತಿ ಕಟ್ಟಿಕೊಟ್ಟ ಹೋಳಿಗೆ. ಅವನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಈಗ ಪಾನಾ ಎಸೆಯುವ ಮೊದಲು ಕೆಳಗಿಡುತ್ತಿದ್ದ, ಅಷ್ಟೆ.

ಅವನ ಹಿಂದೆ ತರಕಾರಿ ಹೆಚ್ಚುವ ಕೃಷ್ಣಾಬಾಯಿ ಬಂದಳು. ಚಹಾದ ಖಾದರ್ ಸಾಹೇಬರು ಬಂದರು. ಎಂಬತ್ತಮೂರರ ಹೊತ್ತಿಗೆ ಉಳ್ಳಾಗಡ್ಡಿ ಚೀಲಗಳ ಪಕ್ಕ ಒಂಬತ್ತು ಜನ. ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಇಪ್ಪತ್ತು ನಿಮಿಷ ಆದ ಕೂಡಲೆ ಎದ್ದು, ಡಬ್ಬಗಳನ್ನು ಒಂದರ ಮೇಲೊಂದು ಇಟ್ಟು ಹೋಗುತ್ತಿದ್ದರು.

ಪ್ರಹ್ಲಾದರಾಯರಿಗೆ ಅನುಮಾನ ಹುಟ್ಟಿದ್ದು ಆಗಲೇ. ಆ ವರ್ಷ ಬೋನಸ್ಸಿನ ಗಲಾಟೆ ನಡೆದಿತ್ತು. ಮಾತಾಡುವ ಜನ ಗುಂಪು ಕೂಡಿದರೆ ಹರಟೆ ಅನ್ನಬಹುದು, ಮಾತಾಡದೆ ಗುಂಪು ಕೂಡಿದರೆ ಅದು ಖಂಡಿತ ಹೊಸ ಯೂನಿಯನ್ನು ಎಂದು ಅವರ ಲೆಕ್ಕ. ಮೇಲಿನವರಿಗೆ ಒಂದು ಚೀಟಿ ಬರೆದರು. ಸೆಕ್ಯುರಿಟಿಯ ಹವಾಲ್ದಾರನೊಬ್ಬ ಮೂರು ದಿನ ಬೇಳೆ ಚೀಲದ ಹಿಂದೆ ಅಡಗಿ ಕೂತು ವರದಿ ಕೊಟ್ಟ: ಭಾಷಣ ಇಲ್ಲ, ಘೋಷಣೆ ಇಲ್ಲ, ಕರಪತ್ರ ಇಲ್ಲ. ಮೊದಲ ದಿನ ಒಬ್ಬ ಆಕಳಿಸಿದ. ಮೂರನೆಯ ದಿನ ತನಗೂ ಸ್ವಲ್ಪ ಹಿತವೆನಿಸಿತು.

ಸಿಬ್ಬಂದಿ ಅಧಿಕಾರಿ ವರದಿ ಓದಿ ಬಹಳ ಹೊತ್ತು ನಕ್ಕರಂತೆ. ಆದರೂ ಕಾಯಿದೆ ಕಾಯಿದೆಯೇ. ಅಪ್ಪಣೆಯಿಲ್ಲದೆ ಐವರಿಗಿಂತ ಹೆಚ್ಚು ಜನ ದಾಸ್ತಾನು ಕೋಣೆಯಲ್ಲಿ ಸೇರುವಂತಿಲ್ಲ. ಮಾಲವ್ವ ಮುಂದಾಳು, ಅವಳಿಗೆ ನೋಟಿಸು ಕೊಡಬೇಕಾದೀತು ಎಂದು ರಾಯರನ್ನು ಕರೆದು ಹೇಳಿದರು.

ರಾಯರು ಆ ಸಂಜೆ ಮಾಲವ್ವನ ಕೋಣೆಯ ತನಕ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು. "ನಾ ಯೂನಿಯನ್ ಅಂತ ತಿಳದಿದ್ದೆ ಮಾಲವ್ವಾ. ನಿನ್ನ ಹೊಟ್ಟಿ ಮ್ಯಾಲ ಹೊಡೀಬೇಕಂತ ಬರದಿದ್ದಲ್ಲ."

"ನಿಮ್ಮ ಕೆಲಸ ನೀವು ಮಾಡೀರಿ, ತಪ್ಪೇನೈತ್ರಿ. ಚಾ ಮಾಡ್ಲೇನು?"

"ಬ್ಯಾಡ. ಆ ಇಪ್ಪತ್ತು ನಿಮಿಷ ಬಿಟ್ಟು ಇರ್ಲಿಕ್ಕೆ ಆಗೂದಿಲ್ಲೇನು?"

"ಅವರಿಗೆ ಬರಬ್ಯಾಡ್ರಿ ಅಂತ ಹೇಳ್ತೀನ್ರಿ. ನಾ ಒಬ್ಬಾಕಿ ಅಂತೂ ಕೂಡ್ತೀನಿ. ಇಲ್ಲಾಂದ್ರ ಅನ್ನ ಬಡಿಸಾಕ ಕೈ ಬರೂದಿಲ್ಲ."

ರಾಯರು ಮರುದಿನ ಇಡೀ ಬೆಳಿಗ್ಗೆ ಡ್ಯೂಟಿ ಪಟ್ಟಿಯ ಮುಂದೆ ಕೂತು ಅದನ್ನು ಹೊಸದಾಗಿ ಬರೆದರು. ಒಂಬತ್ತೂ ಜನರಿಗೆ ಹನ್ನೊಂದು ಇಪ್ಪತ್ತರಿಂದ ಹನ್ನೊಂದು ನಲವತ್ತರವರೆಗೆ ವಿಶ್ರಾಂತಿ, ವಿಶ್ರಾಂತಿಯ ಸ್ಥಳ ದಾಸ್ತಾನು ಕೋಣೆ ಎಂದು ಬರೆದು ಮೊಹರು ಹಾಕಿಸಿದರು. ಗಾಡಿಯವನು ಆ ಹೊತ್ತಿನಲ್ಲಿ ಗ್ಯಾಸ್ ಸಿಲಿಂಡರ್ ಉರುಳಿಸಬಾರದೆಂದೂ ಸೇರಿಸಿದರು. ತಾವೂ ಒಂದು ದಿನ ಬಂದು ಕೂತರು. ಏಳೆಂಟು ನಿಮಿಷಕ್ಕೇ ಎದ್ದು, "ಇದು ನನಗ ಒಗ್ಗೂದಿಲ್ಲವಾ. ನನಗ ನನ್ನ ಜಪಾನೇ ಸಾಕು," ಎಂದು ಹೋದರು.

ಅಷ್ಟರಲ್ಲಿ ಸುದ್ದಿ ಚರ್ಚಿಗೂ ಮುಟ್ಟಿತ್ತು. ಅಲ್ಲಿಗೆ ಮುಟ್ಟುವಾಗ ಅದಕ್ಕೆ ರೆಕ್ಕೆಪುಕ್ಕ ಬಂದಿತ್ತು. ಕ್ಯಾಂಟೀನಿನ ಹೆಂಗಸಿಗೆ ದರ್ಶನವಾಗುತ್ತದಂತೆ, ಅವಳು ಮುಟ್ಟಿದ ಅನ್ನ ಹೆಚ್ಚುತ್ತದಂತೆ ಎಂದು ಜನ ಆಡಿಕೊಳ್ಳತೊಡಗಿದ್ದರು. ಇದೇನೆಂದು ನೋಡಿ ಬರಲು ಚರ್ಚಿನ ಹಿರಿಯರು ಫಾದರ್ ರಾಯಪ್ಪನವರನ್ನು ಕಳಿಸಿದರು. ಮೂವತ್ತೆರಡರ ವಯಸ್ಸು, ಅವರೂ ರಾಯಚೂರು ಸೀಮೆಯವರು. ರೋಮಿನಲ್ಲಿ ನಾಲ್ಕು ವರ್ಷ ಇದ್ದು ಸಂತರ ಮೌನಪ್ರಾರ್ಥನೆಯ ಕುರಿತೇ ದಪ್ಪನೆಯ ಪ್ರಬಂಧ ಬರೆದು ಬಂದವರು. ಹನ್ನೊಂದು ಪ್ರಶ್ನೆಗಳ ಪಟ್ಟಿ ಹಿಡಿದು ದಾಸ್ತಾನು ಕೋಣೆಗೆ ಬಂದರು. ಬಂಡೆಪ್ಪ ಅವರಿಗೊಂದು ಡಬ್ಬ ಒರೆಸಿ ಕೊಟ್ಟ.

"ನಿಮಗ ದರ್ಶನ ಆಗ್ತೈತೇನು?" ಎಂದು ಫಾದರ್ ಕೇಳಿದರು.

"ಇಲ್ರಿ ಫಾದರ್."

"ಧ್ವನಿ ಏನರ ಕೇಳ್ತೈತೇನು?"

"ಪ್ರೆಸ್ ಶಾಪಿಂದು ಕೇಳ್ತೈತ್ರಿ."

"ಅನ್ನ ಹೆಚ್ಚಾಗ್ತೈತಿ ಅಂತಾರ."

"ಕಡಿಮಿ ಆಗಿತ್ರಿ ಒಂದ್ಸಲ. ಎಪ್ಪತ್ತು ಮಂದಿಗೆ."

ಫಾದರ್ ಪಟ್ಟಿ ನೋಡಿಕೊಂಡರು. "ಇವರೆಲ್ಲ ಬ್ಯಾರೆ ಬ್ಯಾರೆ ಧರ್ಮದೋರು. ಇವರಿಗೆ ಏನು ಕಲಿಸ್ತೀರಿ?"

"ಏನೂ ಕಲಿಸಂಗಿಲ್ರಿ. ನಾ ಯೇಸುಸ್ವಾಮಿ ಹತ್ರ ಕೂಡ್ತೀನಿ. ಇವರು ಯಾರ ಹತ್ರ ಕೂಡ್ತಾರಂತ ಕೇಳಿಲ್ಲ. ಕೇಳಿದ್ರ ಮಾತು ಶುರು ಆಗ್ತೈತಿ, ಇಪ್ಪತ್ತು ನಿಮಿಷ ಅದಕ್ಕ ಸಾಲಂಗಿಲ್ಲ." ಮಾಲವ್ವ ಅವರ ಮುಖವನ್ನೇ ನೋಡಿದಳು. "ನೀವು ದಿನಾ ಎಷ್ಟೊತ್ತು ಕೂಡ್ತೀರಿ ಫಾದರ್?"

ಫಾದರ್ ರಾಯಪ್ಪನವರು ಪಟ್ಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. "ಓದ್ತೀನಿ. ಪಾಠ ಮಾಡ್ತೀನಿ. ಕೂಡಾಕ ಹೊತ್ತಾಗಿಲ್ಲ."

"ಈಗ ಹೊತ್ತಾಗೈತಿ ನೋಡ್ರಿ," ಎಂದು ಅವಳು ಗಡಿಯಾರ ತೋರಿಸಿದಳು.

ಎಲ್ಲರೂ ಕೂತರು. ನಾಲ್ಕನೆಯ ನಿಮಿಷಕ್ಕೆ ಫಾದರ್ ಉಳ್ಳಾಗಡ್ಡಿ ಚೀಲಕ್ಕೆ ಒರಗಿದರು. ಆರನೆಯ ನಿಮಿಷಕ್ಕೆ ಗೊರಕೆ ಕೇಳಿಸಿತು. ಯಾರೂ ಎಬ್ಬಿಸಲಿಲ್ಲ. ಊಟದ ಸೈರನ್ನಿಗೆ ಗಕ್ಕನೆ ಎದ್ದು ನೋಡಿದರೆ ಮೈಮೇಲೆ ಕೃಷ್ಣಾಬಾಯಿಯ ಶಾಲು ಇತ್ತು, ಕೋಣೆ ಖಾಲಿಯಾಗಿತ್ತು. ನಾಚಿಕೊಂಡು ಬಡಿಸುವಲ್ಲಿಗೆ ಬಂದರು.

"ಕ್ಷಮಿಸ್ರಿ ಅಕ್ಕಾರ. ನಿದ್ದಿ ಹತ್ತಿಬಿಡ್ತು."

"ಎಷ್ಟೋ ದಿನದಿಂದ ನಿದ್ದಿಗೆಟ್ಟ ಮುಖ ಐತ್ರಿ ನಿಮ್ದು. ಮೊದಲು ನಿದ್ದಿ ಮಾಡ್ರಿ. ದೇವರು ಎಲ್ಲಿಗೂ ಹೋಗಂಗಿಲ್ಲ. ತಟ್ಟಿ ತಗೋರಿ, ಅನ್ನ ಬಿಸಿ ಐತಿ."

ಅವರ ವರದಿ ಎರಡೇ ಸಾಲಿನದು: ಅಲ್ಲಿ ತಪ್ಪೇನೂ ಕಾಣಲಿಲ್ಲ. ಮುಂದಿನ ಗುರುವಾರ ಮತ್ತೆ ಹೋಗುತ್ತೇನೆ.

ಫಾದರ್ ರಾಯಪ್ಪನವರ ಬಾಯಿಂದಲೇ ಈ ಸಂಗತಿ ಮದರ್ ಸೆಲಿನ್ ಅವರ ಕಿವಿಗೆ ಬಿತ್ತು. ಹನ್ನೊಂದು ವರ್ಷದ ಮೇಲೆ ಮಠದಿಂದ ಮಾಲವ್ವನಿಗೆ ಕರೆ ಬಂತು. ಒಂದು ಭಾನುವಾರ ಪೂಜೆ ಮುಗಿಸಿ ಹೋದಳು. ಜಾಲರಿಯಾಚೆ ಮದರ್ ಮುದುಕಿಯಾಗಿದ್ದರು.

"ನಿನ್ನನ್ನು ಕಳಿಸಿದ್ದು ತಪ್ಪಾಯಿತೋ ಏನೋ ಎಂದು ಎಷ್ಟೋ ಸಲ ಅನ್ನಿಸಿದೆ ಮಗಳೇ. ಈಗ ತಂದೆಯ ಚಿಂತೆಯೂ ಇಲ್ಲ ಎಂದು ಕೇಳಿದೆ. ಬರುವುದಾದರೆ ಬಾ, ನಿನ್ನ ಜಾಗ ಇದೆ."

ಚಿನ್ನಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಮಾಲವ್ವ ಜಾಲರಿಯ ಮರವನ್ನು ಸವರುತ್ತ ಕೂತಳು. ಒಳಗಿನ ತೋಟ, ಬೆಳಗಿನ ಗಂಟೆ, ಆ ಮೌನ ಎಲ್ಲ ನೆನಪಾದವು. ಒಂದು ಕಾಲಕ್ಕೆ ಈ ಮಾತಿಗಾಗಿ ಅವಳು ಪ್ರಾಣ ಬಿಡುತ್ತಿದ್ದಳು.

"ಬರಬೇಕಂತ ಭಾಳ ಆಸಿ ಇತ್ರಿ ಮದರ್. ಈಗ ಮುನ್ನೂರು ತಟ್ಟಿ ಕಣ್ಣ ಮುಂದ ಬರ್ತಾವು. ಅವನ್ನ ಬಿಟ್ಟು ಬಂದ್ರ, ಅಲ್ಲಿ ಸಿಕ್ಕಾತನ್ನ ಅಲ್ಲೇ ಬಿಟ್ಟು ಬಂದಂಗ ಆಗ್ತೈತಿ."

ಮದರ್ ತಲೆಯಾಡಿಸಿದರು. ಬೇಸರಪಟ್ಟಂತೆ ಕಾಣಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು. "ಮಧ್ಯದಲ್ಲಿ ಐದು ವರ್ಷ ನಿನಗೆ ಏನೂ ಇರಲಿಲ್ಲವೆಂದು ಫಾದರ್ ಹೇಳಿದರು. ಹೇಗೆ ಕೂತೆ?"

"ಹಂಗ ಕುಂತೆ. ಯಾಕ್ರಿ?"

"ನನಗೆ ಇಪ್ಪತ್ತು ವರ್ಷವಾಯಿತು." ಮದರ್ ಕೈಯಲ್ಲಿದ್ದ ಜಪಸರವನ್ನು ನೋಡುತ್ತಲೇ ಹೇಳಿದರು. "ನೀನು ನಗುತ್ತಿದ್ದ ದಿನಗಳಲ್ಲಿಯೂ ನನಗೆ ಒಳಗೆ ಕತ್ತಲೆಯೇ ಇತ್ತು. ಇಷ್ಟು ಜನರಿಗೆ ದಾರಿ ತೋರಿಸಬೇಕಾದವಳು, ಯಾರಿಗೆ ಹೇಳಲಿ?"

ಮಾಲವ್ವ ಜಾಲರಿಗೆ ಹತ್ತಿರ ಸರಿದಳು. ಇಪ್ಪತ್ತು ವರ್ಷದ ಮುಂದೆ ತನ್ನ ಐದು ವರ್ಷ ಎಷ್ಟರದು. ಈ ತೆಳ್ಳನೆಯ ಹೆಂಗಸು ಅಷ್ಟೂ ವರ್ಷ ಗಂಟೆ ಬಾರಿಸಿದ ಕೂಡಲೆ ಎದ್ದು ಬಂದು ಕೂತಿದ್ದಾಳೆ. "ಮದರ್, ನನಗಿಂತ ದೊಡ್ಡಾಕಿ ನೀವು," ಎಂದಳು. "ನನಗ ಕಲಿಸಾಕ ಬರೂದಿಲ್ಲ. ಜೋಡಿ ಕೂಡಾಕ ಬರ್ತೈತಿ. ಕೂಡೂಣೇನು?"

ಜಾಲರಿಯ ಈಚೆ ಒಬ್ಬಳು, ಆಚೆ ಒಬ್ಬರು ಅರ್ಧ ತಾಸು ಕೂತರು. ಕೊನೆಗೆ ಮದರ್, "ಏನೂ ಆಗಲಿಲ್ಲ," ಎಂದರು. ಏಳುತ್ತ, "ಆದರೆ ಇವತ್ತು ಒಬ್ಬಳೇ ಇದ್ದೇನೆ ಅನ್ನಿಸಲಿಲ್ಲ," ಎಂದರು. ಅಂದಿನಿಂದ ತಿಂಗಳ ಮೊದಲ ಭಾನುವಾರ ಮಾಲವ್ವ ತಪ್ಪದೆ ಮಠಕ್ಕೆ ಹೋದಳು. ಆರು ವರ್ಷ, ಮದರ್ ಕಣ್ಣು ಮುಚ್ಚುವವರೆಗೆ. ಅವರ ಕತ್ತಲೆ ಹರಿಯಿತೋ ಇಲ್ಲವೋ ಅವಳು ಕೇಳಲಿಲ್ಲ. ಕೊನೆಯ ವರ್ಷ ಮದರ್ ತಾವಾಗಿಯೇ, "ಈಗ ಕತ್ತಲೆಯ ಮೇಲೆ ಸಿಟ್ಟಿಲ್ಲ. ಅದೂ ಅವನ ಮನೆಯ ಒಂದು ಕೋಣೆ," ಎಂದಿದ್ದರು.

ಮಾಲವ್ವ ಇನ್ನೂ ಬಹಳ ವರ್ಷ ಅದೇ ಕ್ಯಾಂಟೀನಿನಲ್ಲಿ ಅನ್ನ ಮಾಡಿದಳು. ಎರಡು ಸಾವಿರದ ಎಂಟರಲ್ಲಿ ನಿವೃತ್ತಳಾದ ದಿನ ಹಾರ ಹಾಕಲು ಬಂದವರ ಸಾಲು ಊಟದ ಸಾಲಿಗಿಂತ ಉದ್ದವಿತ್ತು. ಪ್ರಹ್ಲಾದರಾಯರು ಎಂದೋ ನಿವೃತ್ತರಾಗಿದ್ದರು, ಮಗನ ಸ್ಕೂಟರಿನ ಹಿಂದೆ ಕೂತು ಬಂದಿದ್ದರು. ಭಾಷಣ ಮಾಡೆಂದಾಗ ಅವಳು, "ನಾಳಿಂದ ಉಪ್ಪು ಸ್ವಲ್ಪ ಕಡಿಮಿ ಹಾಕ್ರಿ, ನಿಮಗೆಲ್ಲ ವಯಸ್ಸಾತು," ಎಂದು ಕೂತುಬಿಟ್ಟಳು.

ಬಂಡೆಪ್ಪ ನಿವೃತ್ತನಾದ ಮೇಲೆ ಶಂಶಾಬಾದಿನಲ್ಲಿ ಸಣ್ಣ ಮನೆ ಕಟ್ಟಿಸಿದ್ದ. ಹಳಬರು ತಿಂಗಳಿಗೊಮ್ಮೆ ಅವನ ಮಾಳಿಗೆಯ ಮೇಲೆ ಸೇರತೊಡಗಿದರು. ಮಾಲವ್ವ ಬಾಲಾನಗರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮೊದಲ ಸಲ ಎಲ್ಲರೂ ಕೂತು ಎರಡು ನಿಮಿಷವಾಗಿತ್ತೋ ಇಲ್ಲವೋ, ಹೊಸ ವಿಮಾನ ನಿಲ್ದಾಣದಿಂದ ಎದ್ದ ವಿಮಾನವೊಂದು ನೆತ್ತಿಯ ಮೇಲೆ ಗರ್ಜಿಸುತ್ತ ಹಾದುಹೋಯಿತು. ಇನ್ನು ಹತ್ತು ನಿಮಿಷಕ್ಕೆ ಇನ್ನೊಂದು. ಬಂಡೆಪ್ಪನಿಗೆ ಸಂಕೋಚವಾಯಿತು.

"ತಪ್ಪು ಜಾಗಾದಾಗ ಮನಿ ಕಟ್ಟಿಸಿದೆ ಅಕ್ಕಾರ. ಹಿಂಗ ಆದ್ರ ಹೆಂಗ ಕೂಡೂದು?"

"ಪ್ರೆಸ್ ಶಾಪಿಗಿಂತ ವಾಸಿ ಐತಿ. ಇದು ಬರ್ತೈತಿ, ಹೋಗ್ತೈತಿ," ಎಂದಳು ಮಾಲವ್ವ.

ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿ, ಇಷ್ಟು ಜನ ಸೇರಿ ಏನು ಮಾಡುತ್ತೀರಿ, ಭಜನೆಯಾದರೂ ಕೇಳುತ್ತಿಲ್ಲವಲ್ಲ ಎಂದು ತೆಲುಗಿನಲ್ಲಿ ಕೇಳಿದಳು. ಮಾಲವ್ವ ತೆಲುಗಿನಲ್ಲೇ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮಾಲವ್ವ ಬರುವಾಗ ಹೆದ್ದಾರಿಯ ಬದಿಗೆ ಕೊಂಡು ತಂದಿದ್ದ ಬುಟ್ಟಿ ಸೀತಾಫಲ ನಡುವೆ ಇತ್ತು. ಕೂತದ್ದು ಮುಗಿದ ಮೇಲೆ ಎಲ್ಲರೂ ಹಣ್ಣು ಒಡೆದು ತಿಂದರು. ಯಾರ ಬೀಜ ಎಷ್ಟು ದೂರ ಹೋಗುತ್ತದೆಂದು ಖಾದರ್ ಸಾಹೇಬರು ಉಗುಳಿ ತೋರಿಸಿದರು. ಮುಂದಿನ ತಿಂಗಳು ಯಾವ ಭಾನುವಾರ ಎಂದು ನಿಶ್ಚಯಿಸಿಕೊಂಡು, ಬಿಸಿಲು ಇಳಿಯುವ ಮೊದಲೇ ಮಾಲವ್ವ ಬಸ್ಸಿಗೆ ಹೊರಟಳು.